ಬಚ್ಚಲ ನೀರಿನ ಬೆಲೆ

ಹಿಂದಿನ ಕಾಲದ ಹಳ್ಳಿಯ ಮನೆಗಳಲ್ಲಿ ಒಮ್ಮೆ ಬಳಸಿದ ನೀರಿಗೂ ಒಂದು ದಾರಿ ಇತ್ತು. ಅಕ್ಕಿ ತೊಳೆದ ಅಕ್ಕಚ್ಚು ಕಲಗಚ್ಚಿನ ಬಾನಿಯನ್ನು ಸೇರಿ ದನಕರುಗಳ ಪಾಲಾಗುತ್ತಿತ್ತು. ಸ್ನಾನದ ನೀರು ಬಚ್ಚಲ ತೂಬಿನಿಂದ ಹಿತ್ತಿಲಿಗೆ ಹರಿದು ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ತೆಂಗಿನ ಪಾತಿಗೋ ಇಳಿಯುತ್ತಿತ್ತು. ಕೈಕಾಲು ತೊಳೆಯುವ ಕಲ್ಲಿನ ಪಕ್ಕದಲ್ಲಿ ಒಂದು ಹೂವಿನ ಗಿಡ ತಾನಾಗಿಯೇ ಬೆಳೆದು ನಿಲ್ಲುತ್ತಿತ್ತು. ಹೀಗೆ ಮಾಡಿದವರು ಜಲವಿಜ್ಞಾನವನ್ನು ಓದಿದವರಲ್ಲ. ಬಾವಿಯಿಂದ ಕೊಡಕೊಡವಾಗಿ ಸೇದಿ ಹೊತ್ತು ತಂದ ನೀರಾದ್ದರಿಂದ ಅದರ ಬೆಲೆ ಅವರ ತೋಳುಗಳಿಗೆ ಗೊತ್ತಿತ್ತು. ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು, ಬಟ್ಟೆಗೆ ಅಂಟುವಾಳ, ಪಾತ್ರೆಗೆ ಒಲೆಯ ಬೂದಿ, ಇವೇ ಅಂದಿನ ಶುಚಿಯ ಸಾಧನಗಳು. ಇವುಗಳನ್ನು ಹೊತ್ತು ಹರಿದ ನೀರು ಅಷ್ಟಾಗಿ ಗಿಡಕ್ಕೂ ಮಣ್ಣಿಗೂ ಕೇಡು ಮಾಡುತ್ತಿರಲಿಲ್ಲ.

ಊರು ನಗರವಾದಾಗ ಈ ವ್ಯವಸ್ಥೆ ಮೊದಲು ಮುರಿದುಬಿದ್ದದ್ದು ಹಿತ್ತಿಲಿನಲ್ಲಿ. ಬೆಂಗಳೂರಿನ ಪಶ್ಚಿಮ ಭಾಗದ ಹೆಗ್ಗನಹಳ್ಳಿ ಇದಕ್ಕೆ ಒಳ್ಳೆಯ ನಿದರ್ಶನ. ಹೆಸರಿನಲ್ಲಿ ಅದು ಇಂದಿಗೂ ಹಳ್ಳಿ, ನೋಟದಲ್ಲಿ ನಗರ. ಮಾಗಡಿ ರಸ್ತೆಗೂ ತುಮಕೂರು ರಸ್ತೆಗೂ ನಡುವೆ, ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲಿರುವ ಈ ಊರಿನ ಹೊಲಗಳು ಒಂದೆರಡು ತಲೆಮಾರುಗಳಲ್ಲಿ ಬೀದಿಗಳಾದವು. ಕಾರ್ಖಾನೆಗಳಲ್ಲಿಯೂ ಸಿದ್ಧ ಉಡುಪಿನ ಘಟಕಗಳಲ್ಲಿಯೂ ದುಡಿಯಲು ನಾಡಿನ ಮೂಲೆಮೂಲೆಗಳಿಂದ ಬಂದವರು ಇಲ್ಲಿ ನೆಲೆ ನಿಂತರು. ಕಿರಿದಾದ ನಿವೇಶನದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರಿತು. ಹಿತ್ತಿಲಿಗೆ ಜಾಗ ಉಳಿಯಲಿಲ್ಲ. ಬಾಳೆಯ ಬುಡಕ್ಕೆ ಹೋಗುತ್ತಿದ್ದ ಬಚ್ಚಲ ನೀರು ಶೌಚಾಲಯದ ಕೊಳವೆಯೊಡನೆ ಕೂಡಿ ಚರಂಡಿಯನ್ನು ಸೇರಿತು. ಇದು ಹೆಗ್ಗನಹಳ್ಳಿಯೊಂದರ ಕಥೆಯಲ್ಲ. ಸುಂಕದಕಟ್ಟೆ, ಲಗ್ಗೆರೆ, ಕೆಂಗೇರಿ ಮೊದಲಾಗಿ ನಗರ ನುಂಗಿದ ಹಳ್ಳಿಗಳೆಲ್ಲದರ ಕಥೆ.

ಹೀಗೆ ಚರಂಡಿಗೆ ಹೋಗುವ ನೀರು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ ನಷ್ಟದ ಪ್ರಮಾಣ ಅರಿವಾಗುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕುಳಿತಿರುವ ಬೆಂಗಳೂರಿಗೆ ದೊಡ್ಡ ನದಿಯ ಆಸರೆಯಿಲ್ಲ. ಒಂದು ಕಾಲದಲ್ಲಿ ಕೆರೆ ಬಾವಿಗಳೇ ಅದಕ್ಕೆ ಗತಿಯಾಗಿದ್ದವು. 1896ರಲ್ಲಿ ಅರ್ಕಾವತಿ ನದಿಯ ಹೆಸರಘಟ್ಟ ಜಲಾಶಯದಿಂದ ಕೊಳವೆಯ ನೀರು ಬಂದಿತು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದ ನೀರನ್ನು ತರಲಾಯಿತು. ಅದೂ ಸಾಲದೆ 1974ರಲ್ಲಿ ಕಾವೇರಿಯ ಮೊದಲ ಹಂತದ ಯೋಜನೆ ಕಾರ್ಯಗತವಾಯಿತು. 2024ರ ಅಕ್ಟೋಬರಿನಲ್ಲಿ ಐದನೆಯ ಹಂತಕ್ಕೆ ಚಾಲನೆ ದೊರೆಯಿತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಂಡ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರವನ್ನು ಕ್ರಮಿಸಿ, ಹಂತಹಂತವಾಗಿ ಸುಮಾರು 500 ಮೀಟರ್ ಮೇಲಕ್ಕೆ ಎತ್ತಲ್ಪಟ್ಟು ನಗರವನ್ನು ತಲಪುತ್ತದೆ. ಹಗಲಿರುಳೂ ಓಡುವ ಭಾರಿ ಪಂಪುಗಳು ಇದಕ್ಕಾಗಿ ಅಪಾರ ವಿದ್ಯುತ್ತನ್ನು ಬಳಸುತ್ತವೆ. ಇಷ್ಟು ಕಷ್ಟದಿಂದ ಬೆಟ್ಟವೇರಿ ಬಂದ ಕುಡಿಯುವ ನೀರಿನಲ್ಲಿ ಒಂದು ದೊಡ್ಡ ಪಾಲು ಶೌಚಾಲಯದ ಕುಂಡಿಕೆಯಲ್ಲಿ ಕ್ಷಣಮಾತ್ರದಲ್ಲಿ ಜಾರಿಹೋಗುತ್ತದೆ.

ಅದು ಜಾರಿಹೋಗಿ ಸೇರುವುದಾದರೂ ಎಲ್ಲಿಗೆ? ನಗರದ ಪಶ್ಚಿಮ ಭಾಗದ ಚರಂಡಿಗಳ ನೀರಿನ ಬಹುಪಾಲು ವೃಷಭಾವತಿಯ ಕಣಿವೆಯತ್ತ ಇಳಿಯುತ್ತದೆ. ಬಸವನಗುಡಿಯ ದೊಡ್ಡಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬಿ ಪೂಜಿಸಿದ ನದಿಯಿದು. ಇಂದು ಮೈಸೂರು ರಸ್ತೆಯ ಪಕ್ಕದಲ್ಲಿ ಅದನ್ನು ಕಂಡವರು ನದಿಯೆಂದು ಗುರುತಿಸಲಾರರು. ಕಪ್ಪುಗಟ್ಟಿ, ನೊರೆ ತುಂಬಿ, ದುರ್ವಾಸನೆ ಬೀರುತ್ತ ಅದು ಹರಿಯುತ್ತದೆ. ಮನೆಗಳ ಕೊಳಚೆಯೊಡನೆ ಕಾರ್ಖಾನೆಗಳ ತ್ಯಾಜ್ಯವೂ ಅದರಲ್ಲಿ ಬೆರೆತಿದೆ. ಕೆಂಗೇರಿಯನ್ನು ದಾಟಿ ಬಿಡದಿಯ ಸಮೀಪದ ಬೈರಮಂಗಲ ಕೆರೆಯನ್ನು ಅದು ಸೇರುತ್ತದೆ. ರೈತರ ಗದ್ದೆಗಳಿಗೆ ನೀರುಣಿಸಲೆಂದು 1940ರ ದಶಕದಲ್ಲಿ ನಿರ್ಮಿಸಿದ ಆ ಜಲಾಶಯ ನಗರದ ಕೊಳಚೆಯ ಮಡುವಾಯಿತು. ಮುಂದೆ ವೃಷಭಾವತಿ ಅರ್ಕಾವತಿಯನ್ನೂ, ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನೂ ಕೂಡುತ್ತವೆ. ಕಾವೇರಿಯಿಂದ ನಿರ್ಮಲವಾಗಿ ಪಡೆದ ನೀರನ್ನು ನಗರವು ಮಲಿನಗೊಳಿಸಿ ಕಾವೇರಿಗೇ ಹಿಂದಿರುಗಿಸುತ್ತಿದೆ. ಈ ಸಾಲವನ್ನು ನಗರದವರು ಮಾಡುತ್ತಾರೆ. ಬಡ್ಡಿಯನ್ನು ಕೆಳಗಿನ ಊರುಗಳ ರೈತರು ತೆರುತ್ತಾರೆ.

2023ರಲ್ಲಿ ಮಳೆ ಕೈಕೊಟ್ಟಿತು. ಅದರ ಫಲವನ್ನು 2024ರ ಬೇಸಿಗೆಯಲ್ಲಿ ಬೆಂಗಳೂರು ಉಂಡಿತು. ಸರ್ಕಾರದ ಲೆಕ್ಕದಂತೆ ನಗರದ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಬತ್ತಿಹೋದವು. ಕೊಳವೆಬಾವಿಯನ್ನೇ ನಂಬಿದ್ದ ಹೊರವಲಯದ ಬಡಾವಣೆಗಳಲ್ಲಿ ಜನ ಕೊಡಗಳನ್ನು ಸಾಲಾಗಿ ಇಟ್ಟು ನೀರಿನ ಲಾರಿಗಾಗಿ ಕಾದರು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಜಲಮಂಡಲಿಯು ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡದ ಕೆಲಸಕ್ಕೆ, ಕಾರಂಜಿಗೆ ಕುಡಿಯುವ ನೀರನ್ನು ಬಳಸಬಾರದೆಂದು ಆಜ್ಞೆ ಹೊರಡಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಮಾಡಿತು. ಆ ಆಜ್ಞೆಯ ಹಿಂದೆ ಒಂದು ಮುಖ್ಯವಾದ ತತ್ತ್ವವಿತ್ತು: ಎಲ್ಲ ಕೆಲಸಗಳಿಗೂ ಒಂದೇ ಗುಣದ ನೀರು ಬೇಕಾಗಿಲ್ಲ.

ಈ ತತ್ತ್ವವನ್ನು ಒಂದು ಮನೆಯ ಲೆಕ್ಕದಿಂದ ಪರೀಕ್ಷಿಸಬಹುದು. ನಗರವಾಸಿಯೊಬ್ಬನಿಗೆ ದಿನಕ್ಕೆ 135 ಲೀಟರು ನೀರು ಬೇಕೆಂದು ಭಾರತದ ಎಂಜಿನಿಯರುಗಳು ಬಹುಕಾಲದಿಂದ ಎಣಿಸುತ್ತ ಬಂದಿದ್ದಾರೆ. ಅದರಲ್ಲಿ ಸ್ನಾನಕ್ಕೆ 55, ಶೌಚಾಲಯಕ್ಕೆ 30, ಬಟ್ಟೆ ಒಗೆಯಲು 20, ಮನೆ ತೊಳೆಯಲು 10, ಪಾತ್ರೆ ಬೆಳಗಲು 10, ಅಡಿಗೆಗೆ 5, ಕುಡಿಯಲು 5 ಲೀಟರು. ನಾಲ್ವರಿರುವ ಒಂದು ಸಂಸಾರವನ್ನು ತೆಗೆದುಕೊಂಡರೆ ದಿನದ ಬಳಕೆ 540 ಲೀಟರು. ಸ್ನಾನದಿಂದಲೂ ಬಟ್ಟೆ ಒಗೆಯುವುದರಿಂದಲೂ ಹೊರಬರುವ ನೀರು ಸುಮಾರು 300 ಲೀಟರು. ಶೌಚಾಲಯಕ್ಕೆ ಬೇಕಾಗುವುದು 120 ಲೀಟರು. ಬಚ್ಚಲ ನೀರಿನಲ್ಲಿ ಅರ್ಧವನ್ನು ಕೂಡ ಬಳಸದೆಯೇ ಶೌಚಾಲಯದ ಅಗತ್ಯವನ್ನು ಪೂರೈಸಬಹುದು. ಅಷ್ಟು ಶುದ್ಧ ನೀರು ಮನೆಯಲ್ಲಿ ಉಳಿಯುತ್ತದೆ; ಅಷ್ಟೇ ಕೊಳಚೆ ಚರಂಡಿಗೆ ಕಡಿಮೆಯಾಗುತ್ತದೆ. ನೀರಿನ ಲಾರಿಗೆ ಹಣ ತೆತ್ತು ಬದುಕುವ ಮನೆಗೆ ದಿನಕ್ಕೆ 120 ಲೀಟರೆಂಬುದು ಸಣ್ಣ ಮಾತಲ್ಲ.

ಮನೆಯಿಂದ ಹೊರಹೋಗುವ ನೀರಿನಲ್ಲಿ ತಜ್ಞರು ಎರಡು ಬಗೆಗಳನ್ನು ಗುರುತಿಸಿದ್ದಾರೆ. ಶೌಚಾಲಯದಿಂದ ಬರುವುದು ಕಪ್ಪು ನೀರು. ಸ್ನಾನ, ಬಟ್ಟೆ ಒಗೆತ, ಕೈತೊಳೆಯುವ ಬೋಗುಣಿ ಮತ್ತು ಅಡಿಗೆಮನೆಗಳಿಂದ ಬರುವುದು ಬೂದು ನೀರು. ಕಪ್ಪು ನೀರಿನಲ್ಲಿ ರೋಗಾಣುಗಳು ಅಸಂಖ್ಯವಾಗಿರುತ್ತವೆ. ಬೂದು ನೀರಿನಲ್ಲಿ ಅವು ಬಹಳ ಕಡಿಮೆ; ಆದರೆ ಇಲ್ಲವೇ ಇಲ್ಲವೆಂದು ಹೇಳುವಂತಿಲ್ಲ. ಕೂಸಿನ ಮಲಿನ ಬಟ್ಟೆಗಳನ್ನು ಒಗೆದ ನೀರು, ಹೊಟ್ಟೆಯ ಬೇನೆಯಿಂದ ನರಳುವವರು ಮಿಂದ ನೀರು ಬೂದು ನೀರೆಂದು ಹೆಸರಾದರೂ ಗುಣದಲ್ಲಿ ಕಪ್ಪು ನೀರಿಗೆ ಸಮೀಪದ್ದು. ಅವನ್ನು ನೇರವಾಗಿ ಚರಂಡಿಗೆ ಬಿಡುವುದೇ ಕ್ಷೇಮ.

ಬೂದು ನೀರಿನಲ್ಲಿಯೂ ತರತಮವುಂಟು. ಸ್ನಾನದ ನೀರಿನಲ್ಲಿ ಸಾಬೂನು, ಮೈಯ ಕೊಳೆ, ಎಣ್ಣೆಯ ಅಂಶ ಮತ್ತು ಕೂದಲು ಇರುತ್ತವೆ. ಎಲ್ಲಕ್ಕಿಂತ ಸೌಮ್ಯವಾದುದು ಇದೇ. ಬಟ್ಟೆ ಒಗೆದ ಮೊದಲ ನೀರಿನಲ್ಲಿ ಮಾರ್ಜಕದ ಪುಡಿಯ ಕ್ಷಾರ ಹೆಚ್ಚು. ಅದರಲ್ಲಿರುವ ಸೋಡಿಯಂ ಜೇಡಿಮಣ್ಣಿನ ಕಣಗಳ ಕಟ್ಟನ್ನು ಸಡಿಲಿಸಿ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಅಂಥ ನೀರನ್ನು ದಿನವೂ ಒಂದೇ ಗಿಡಕ್ಕೆ ಹೊಯ್ದರೆ ನೆಲ ಬಿಗಿದು, ನೀರು ಇಂಗದೆ, ಗಿಡ ಸೊರಗುತ್ತದೆ. ಎರಡನೆಯ ಮತ್ತು ಮೂರನೆಯ ಸಲ ಜಾಲಿಸಿದ ನೀರು ಇದಕ್ಕಿಂತ ಎಷ್ಟೋ ಮೇಲು. ಇನ್ನು ಅಡಿಗೆಮನೆಯ ನೀರು: ಅದರಲ್ಲಿ ಅನ್ನದ ಅಗುಳು, ಜಿಡ್ಡು, ಸಾರಿನ ಶೇಷ ಸೇರಿರುತ್ತವೆ. ಕಣ್ಣಿಗೆ ಇದು ಅಷ್ಟೇನೂ ಹೊಲಸಾಗಿ ಕಾಣದಿದ್ದರೂ ಬೇಗ ಕೊಳೆಯುವುದು ಇದೇ. ಆದ್ದರಿಂದ ನಗರದ ಮನೆಗಳಲ್ಲಿ ಮರುಬಳಕೆಯನ್ನು ಸ್ನಾನದ ನೀರಿನಿಂದಲೂ ಜಾಲಿಸಿದ ನೀರಿನಿಂದಲೂ ಆರಂಭಿಸುವುದು ಯುಕ್ತ.

ನೀರು ಕೊಳೆಯುವುದೆಂದರೇನು? ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಬಳಸಿಕೊಂಡು ಸೂಕ್ಷ್ಮಜೀವಿಗಳು ಅದರಲ್ಲಿರುವ ಕೊಳೆಯನ್ನು ವಿಘಟಿಸುತ್ತವೆ. ಕೊಳೆ ಹೆಚ್ಚಾದಷ್ಟೂ ಆಮ್ಲಜನಕದ ಬೇಡಿಕೆ ಹೆಚ್ಚು. ಈ ಬೇಡಿಕೆಯನ್ನು ಅಳೆದೇ ಪ್ರಯೋಗಾಲಯಗಳಲ್ಲಿ ನೀರಿನ ಮಾಲಿನ್ಯವನ್ನು ನಿರ್ಣಯಿಸುತ್ತಾರೆ. ಆಮ್ಲಜನಕವೆಲ್ಲ ಮುಗಿದ ಮೇಲೆ ಅದಿಲ್ಲದೆ ಬದುಕಬಲ್ಲ ಬೇರೆ ಜೀವಿಗಳು ತಲೆಯೆತ್ತುತ್ತವೆ. ಆಗ ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹೊರಡುತ್ತದೆ, ರೋಗಾಣುಗಳೂ ವೃದ್ಧಿಯಾಗಬಹುದು. ಹೀಗಾಗಿ ಬೂದು ನೀರನ್ನು ಕೂಡಿಡುವ ವಸ್ತುವೆಂದು ಭಾವಿಸಬಾರದು. ಇಪ್ಪತ್ತನಾಲ್ಕು ಗಂಟೆಗಳೊಳಗೆ ಅದನ್ನು ಬಳಸಿಬಿಡಬೇಕು. ಮುಚ್ಚಳವಿಲ್ಲದ ಪಾತ್ರೆಯಲ್ಲಿ ಇಟ್ಟರೆ ಸೊಳ್ಳೆಗಳಿಗೆ ತೊಟ್ಟಿಲು ಕಟ್ಟಿಕೊಟ್ಟಂತಾಗುತ್ತದೆ.

ಈ ನಿಯಮಗಳನ್ನು ಅರಿತು ನಡೆದ ಮನೆಗಳು ಬೆಂಗಳೂರಿನಲ್ಲಿಯೇ ಇವೆ. ಹೆಗ್ಗನಹಳ್ಳಿಗೆ ಬಹುದೂರವಲ್ಲದ ವಿಜಯನಗರದಲ್ಲಿ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು 1995ರಲ್ಲಿ ಕಟ್ಟಿಸಿದ ‘ಸೌರಭ’ ಎಂಬ ಮನೆ ಅವುಗಳಲ್ಲಿ ಒಂದು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿ ಸೇವೆ ಸಲ್ಲಿಸಿದ ಅವರು ನೂರು ವರ್ಷಗಳ ಮಳೆಯ ಅಂಕಿಅಂಶಗಳನ್ನು ಪರಿಶೀಲಿಸಿ, ಒಂದು ಒಳ್ಳೆಯ ಮಳೆಗೂ ಇನ್ನೊಂದಕ್ಕೂ ನಡುವೆ ನೂರು ದಿನಗಳ ಅಂತರವಾದರೂ ನಿಭಾಯಿಸಬಲ್ಲಷ್ಟು ಮಳೆನೀರಿನ ಸಂಗ್ರಹವನ್ನು ಮನೆಯಲ್ಲಿ ಅಳವಡಿಸಿದರು. ಸಂಸಾರದ ದಿನದ ಬಳಕೆ ಸುಮಾರು 400 ಲೀಟರು. ಸಂಗ್ರಹದ ಸಾಮರ್ಥ್ಯ ಸುಮಾರು 45,000 ಲೀಟರು. ಬಳಕೆಯನ್ನು ಅಷ್ಟಕ್ಕೆ ಸೀಮಿತಗೊಳಿಸಲು ನೆರವಾದದ್ದು ಮರುಬಳಕೆ. ಬಟ್ಟೆ ಒಗೆಯುವ ಯಂತ್ರದಿಂದ ಹೊರಬಂದ ನೀರು ಅಲ್ಲಿ ಶೌಚಾಲಯಕ್ಕೆ ಉಪಯೋಗವಾಗುತ್ತದೆ.

ನಗರದ ಉತ್ತರ ಭಾಗದ ವಿದ್ಯಾರಣ್ಯಪುರದಲ್ಲಿ ಜಲತಜ್ಞ ಎಸ್. ವಿಶ್ವನಾಥ್ ಅವರ ಮನೆಯ ತಾರಸಿಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಸ್ನಾನದ ಮತ್ತು ಬಟ್ಟೆ ಒಗೆದ ನೀರನ್ನು ಅವರು ಜೊಂಡಿನಂಥ ಗಿಡಗಳನ್ನು ನೆಟ್ಟ ಪೀಪಾಯಿಗಳ ಸಾಲಿನಲ್ಲಿ ಹಾಯಿಸಿದರು. ಜಲ್ಲಿ ಮತ್ತು ಮರಳು ಕಸವನ್ನು ತಡೆಯುತ್ತವೆ. ಗಿಡಗಳ ಬೇರುಗಳು ಆಮ್ಲಜನಕವನ್ನು ಕೆಳಗಿಳಿಸುತ್ತವೆ. ಬೇರಿನ ಸುತ್ತ ನೆಲೆಸಿದ ಸೂಕ್ಷ್ಮಜೀವಿಗಳು ಕೊಳೆಯನ್ನು ಉಣ್ಣುತ್ತವೆ. ಹೀಗೆ ತಿಳಿಯಾದ ನೀರಿನಿಂದ ತಾರಸಿಯ ಮೇಲೆಯೇ ಭತ್ತ ಬೆಳೆಯಿತು. ಹಿತ್ತಿಲು ಹೋಯಿತೆಂದು ಕೊರಗುವ ನಗರದವರಿಗೆ ತಾರಸಿಯೂ ಹಿತ್ತಿಲಾಗಬಲ್ಲದೆಂಬುದನ್ನು ಆ ತೆನೆಗಳು ತೋರಿಸಿದವು.

ಶಾಲೆಗಳೂ ಈ ಕಾರ್ಯದಲ್ಲಿ ಹಿಂದೆ ಬಿದ್ದಿಲ್ಲ. ಮಧ್ಯಪ್ರದೇಶದ ಧಾರ್ ಮತ್ತು ಝಾಬುವಾ ಜಿಲ್ಲೆಗಳ ಆಶ್ರಮಶಾಲೆಗಳಲ್ಲಿ ನೀರಿನ ಅಭಾವದಿಂದ ಶೌಚಾಲಯಗಳು ಇದ್ದೂ ಇಲ್ಲದಂತಾಗಿದ್ದವು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಅಲ್ಲಿನ ಮಕ್ಕಳ ಸ್ನಾನದ ನೀರನ್ನು ಜಲ್ಲಿ ಮರಳುಗಳ ತೊಟ್ಟಿಗಳಲ್ಲಿ ಸೋಸಿ, ಶೌಚಾಲಯಕ್ಕೂ ಕೈತೋಟಕ್ಕೂ ಒದಗಿಸುವ ಏರ್ಪಾಡನ್ನು ರೂಪಿಸಿದವು. ಇದರ ಮಾರ್ಗದರ್ಶಿ ಗ್ರಂಥ 2007ರಲ್ಲಿ ಪ್ರಕಟವಾಯಿತು. ಜಪಾನಿನ ಅನೇಕ ಮನೆಗಳಲ್ಲಿ ಇನ್ನೂ ಸರಳವಾದ ಉಪಾಯವಿದೆ: ಶೌಚಾಲಯದ ನೀರಿನ ತೊಟ್ಟಿಯ ಮೇಲೆಯೇ ಕೈತೊಳೆಯುವ ಬೋಗುಣಿಯನ್ನು ಕೂರಿಸಿರುತ್ತಾರೆ; ಕೈತೊಳೆದ ನೀರು ನೇರವಾಗಿ ತೊಟ್ಟಿಯನ್ನು ತುಂಬುತ್ತದೆ.

ಎಲ್ಲವೂ ಕೂಡಿ ಕೊಳಚೆಯಾದ ಮೇಲೆ ಅದನ್ನು ಶುದ್ಧಗೊಳಿಸಲಾಗದೆ? ಆಗುತ್ತದೆ. ಆಫ್ರಿಕದ ನಮೀಬಿಯಾ ದೇಶದ ವಿಂಡ್‌ಹುಕ್ ನಗರವು 1968ರಿಂದಲೇ ಕೊಳಚೆ ನೀರನ್ನು ಕುಡಿಯುವ ಮಟ್ಟಕ್ಕೆ ಶುದ್ಧಗೊಳಿಸುತ್ತ ಬಂದಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರನ್ನು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಆದರೆ ಇವೆಲ್ಲ ದೊಡ್ಡ ಘಟಕಗಳನ್ನೂ ಉದ್ದದ ಕೊಳವೆಗಳನ್ನೂ ಎಡೆಬಿಡದ ಪರೀಕ್ಷೆಯನ್ನೂ ಬೇಡುವ ಕಾರ್ಯಗಳು. ಬೆರೆತ ಮೇಲೆ ಬೇರ್ಪಡಿಸುವುದು ಎಂದಿಗೂ ದುಬಾರಿ. ಕಾರ್ಖಾನೆಯ ವಿಷ ಸೇರಿದರಂತೂ ಕೆಲಸ ಮತ್ತಷ್ಟು ಕಠಿಣ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಲೋಹದ ಅಂಶ ಕಂಡುಬಂದಿರುವುದು ಈ ಮಾತಿಗೆ ಸಾಕ್ಷಿ. ಮನೆಯ ಬಚ್ಚಲಿನಲ್ಲಿಯಾದರೋ ನೀರು ಇನ್ನೂ ಬೆರೆತಿಲ್ಲ. ಅಲ್ಲಿ ಅದರ ಮೂಲವೂ ಗುಣವೂ ಮನೆಯವರಿಗೆ ಗೊತ್ತು. ಅಲ್ಲಿ ಒಂದು ಬಕೆಟ್ಟು ಮಾಡುವ ಕೆಲಸವನ್ನು ಚರಂಡಿಯ ತುದಿಯಲ್ಲಿ ಒಂದು ಘಟಕವೇ ಮಾಡಬೇಕಾಗುತ್ತದೆ.

ಹೆಗ್ಗನಹಳ್ಳಿಯಂಥ ಬಡಾವಣೆಯಲ್ಲಿ ಬಾಡಿಗೆಗೆ ಇರುವ ಸಂಸಾರ ತಾರಸಿಯಲ್ಲಿ ಭತ್ತ ಬೆಳೆಯಲಾರದು. ಗೋಡೆಯನ್ನು ಒಡೆದು ಹೊಸ ಕೊಳವೆಯನ್ನು ಹಾಕಿಸಲಾರದು. ಆದರೆ ಜಾಲಿಸಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಶೌಚಾಲಯಕ್ಕೆ ಹೊಯ್ಯಲು, ಮೆಟ್ಟಿಲನ್ನೂ ಅಂಗಳವನ್ನೂ ತೊಳೆಯಲು ಯಾವ ಅಡ್ಡಿಯೂ ಇಲ್ಲ. ಎಷ್ಟೋ ಮನೆಗಳಲ್ಲಿ ತಾಯಂದಿರು ಹೀಗೆ ಮಾಡುತ್ತಲೂ ಇದ್ದಾರೆ. ಹೊಸದಾಗಿ ಮನೆ ಕಟ್ಟಿಸುವವರ ಹೊಣೆ ಇದಕ್ಕಿಂತ ದೊಡ್ಡದು. ಬಚ್ಚಲಿಗೂ ಶೌಚಾಲಯಕ್ಕೂ ಬೇರೆಬೇರೆ ಕೊಳವೆಗಳನ್ನು ಕಟ್ಟುವಾಗಲೇ ಹಾಕಿಸಿದರೆ ತಗಲುವ ವೆಚ್ಚ ಅಲ್ಪ. ಕಟ್ಟಿ ಮುಗಿದ ಮೇಲೆ ಹಾಕಿಸಬೇಕೆಂದರೆ ಅದರ ಹಲವು ಪಟ್ಟು.

ಮರುಬಳಕೆಯಲ್ಲಿ ಉತ್ಸಾಹದಷ್ಟೇ ಎಚ್ಚರವೂ ಅಗತ್ಯ. ಬೂದು ನೀರಿನ ಕೊಳವೆ ಎಲ್ಲಿಯೂ ಕುಡಿಯುವ ನೀರಿನ ಕೊಳವೆಯೊಡನೆ ಕೂಡಬಾರದು. ಅದರ ಬಣ್ಣವೇ ಬೇರೆಯಿರಬೇಕು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಈ ನೀರನ್ನು ಹಾಕಬಾರದು. ಗಿಡಗಳಿಗೆ ಹಾಕುವಾಗ ಎಲೆಗಳ ಮೇಲೆ ಎರಚದೆ ಬುಡಕ್ಕೆ ಹೊಯ್ದು, ನಡುನಡುವೆ ಮಳೆಯ ನೀರನ್ನೋ ಬಾವಿಯ ನೀರನ್ನೋ ಕೊಡಬೇಕು. ಬ್ಲೀಚಿಂಗ್ ಪುಡಿ, ಫಿನಾಯಿಲು ಬೆರೆತ ನೀರನ್ನು ಗಿಡದ ಹತ್ತಿರ ಸುಳಿಸಲೂ ಬಾರದು. ಬೂದು ನೀರನ್ನು ಮುಟ್ಟಿದ ಮೇಲೆ ಕೈತೊಳೆಯುವುದನ್ನು ಮರೆಯಬಾರದು.

ಹಿಂದಿನವರು ಅಕ್ಕಚ್ಚನ್ನು ಹಸುವಿಗೂ ಬಚ್ಚಲ ನೀರನ್ನು ಬಾಳೆಗೂ ಕೊಟ್ಟಾಗ ನೀರಿನ ಗುಣವನ್ನು ಅರಿತೇ ಕೊಟ್ಟಿದ್ದರು. ಇಂದಿನ ವಿಜ್ಞಾನ ಅದೇ ವಿವೇಕಕ್ಕೆ ಅಳತೆಯನ್ನೂ ಕಾರಣವನ್ನೂ ಒದಗಿಸಿದೆ. ನೂರು ಕಿಲೋಮೀಟರ್ ದೂರದಿಂದ ಬಂದ ನೀರನ್ನು ಎರಡು ಸಲ ದುಡಿಸಿಕೊಳ್ಳುವ ಮನೆ ತನ್ನ ಹಣವನ್ನು ಉಳಿಸಿಕೊಳ್ಳುವುದಲ್ಲದೆ, ನೆರೆಯವರ ಕೊಡಕ್ಕೂ ಒಂದಿಷ್ಟು ನೀರನ್ನು ಉಳಿಸುತ್ತದೆ. ಬೈರಮಂಗಲದ ರೈತನ ಗದ್ದೆಗೆ ಹರಿಯುವ ಕೊಳಚೆಯನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ. ಹನಿಹನಿ ಕೂಡಿದರೆ ಹಳ್ಳವೆಂಬ ಗಾದೆ ಶುದ್ಧ ನೀರಿಗೆ ಹೇಗೋ ಹಾಗೆ ಕೊಳಚೆಗೂ ಸಲ್ಲುತ್ತದೆ. ಯಾವ ಹಳ್ಳವನ್ನು ತುಂಬಿಸಬೇಕೆಂಬುದು ಪ್ರತಿಯೊಂದು ಬಚ್ಚಲಿನಲ್ಲಿಯೂ ದಿನವೂ ತೀರ್ಮಾನವಾಗುತ್ತದೆ.

ಅಭ್ಯಾಸ

1. ಹಳ್ಳಿಯ ಮನೆಗಳಲ್ಲಿ ಬಳಸಿದ ನೀರು ಯಾವ ಯಾವ ರೀತಿಯಲ್ಲಿ ಉಪಯೋಗವಾಗುತ್ತಿತ್ತು?
2. ಬೂದು ನೀರಿಗೂ ಕಪ್ಪು ನೀರಿಗೂ ಇರುವ ವ್ಯತ್ಯಾಸವನ್ನು ತಿಳಿಸಿರಿ.
3. ಬೂದು ನೀರನ್ನು ಬಹುಕಾಲ ಕೂಡಿಡಬಾರದೇಕೆ?
4. ‘ಈ ಸಾಲವನ್ನು ನಗರದವರು ಮಾಡುತ್ತಾರೆ; ಬಡ್ಡಿಯನ್ನು ಕೆಳಗಿನ ಊರುಗಳ ರೈತರು ತೆರುತ್ತಾರೆ.’ ಈ ಮಾತಿನ ಅರ್ಥವನ್ನು ವಿವರಿಸಿರಿ.
5. ನಿಮ್ಮ ಮನೆಯಲ್ಲಿ ಒಂದು ದಿನ ಯಾವ ಕೆಲಸಕ್ಕೆ ಎಷ್ಟು ಬಕೆಟ್ ನೀರು ಖರ್ಚಾಗುತ್ತದೆಂದು ಎಣಿಸಿ ಪಟ್ಟಿ ಮಾಡಿರಿ. ಅದರಲ್ಲಿ ಎಷ್ಟನ್ನು ಎರಡನೆಯ ಸಲ ಬಳಸಬಹುದೆಂದು ಲೆಕ್ಕಹಾಕಿರಿ.